ಲೆಟಿಸ್‌ಳ ಎಡಗಣ್ಣು

ನನ್ನ ಅಣ್ಣ ಆಂಬ್ರೋಸ್ ಪಿಲ್ಬೀಮ್ ಲಂಡನ್ನಿನ ಅಕಾಡೆಮಿಯಲ್ಲಿ ಕಲಿತ ಚಿತ್ರಕಾರ. ಇಪ್ಪತ್ತಾರನೆಯ ವಯಸ್ಸಿಗೆ ಹೆಂಡತಿ ಲೆಟಿಸ್‌ಳನ್ನು ಬೆಂಕಿಗೂಡಿನ ಮುಂದೆ ಕೂರಿಸಿ ಅವಳ ಚಿತ್ರ ಬರೆದ. ನೆರಳು ಮಿರುಗಲೆಂದು ಮುಖದ ಅಡಿಬಣ್ಣಕ್ಕೂ ಡಾಂಬರು ಬೆರೆಸಿದ. ಆಗ ಚಿತ್ರಕಾರರಿಗೆಲ್ಲ ಅದೇ ಹುಚ್ಚು. ಅಕಾಡೆಮಿಯ ಪ್ರದರ್ಶನದಲ್ಲಿ ಅದನ್ನು ಗೌರವದ ಜಾಗದಲ್ಲಿ, ಕಣ್ಣೆತ್ತರಕ್ಕೇ ತೂಗುಹಾಕಿದರು. ನಮ್ಮೂರಿನ ಚಿತ್ರಶಾಲೆ ಕೊಂಡುಕೊಂಡಿತು. ಮರುವರ್ಷ ಲೆಟಿಸ್ ಹೆರಿಗೆಯಲ್ಲಿ ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಆಮೇಲೆ ನಲವತ್ತು ವರ್ಷ ಅಣ್ಣ ಬರೆದದ್ದು ಮೇಯರುಗಳ ಹೊಟ್ಟೆಗಳನ್ನು.

ಡಾಂಬರು ಒಣಗುವುದೇ ಇಲ್ಲ, ದರಿದ್ರದ್ದು. ಈ ಜುಲೈ ಸೆಖೆಗೆ ಲೆಟಿಸ್‌ಳ ಎಡಗಣ್ಣು ಕೆನ್ನೆಗೆ ಜಾರಿತು. ಅಣ್ಣನೂ ನಾನೂ ಚಿತ್ರಶಾಲೆಗೆ ನೋಡಲು ಹೋದಾಗ ಚಿತ್ರ ತಲೆಕೆಳಗಾಗಿ ನೇತಾಡುತ್ತಿತ್ತು.

"ಹಿಂಗಿಟ್ರೆ ಕಣ್ಣು ವಾಪಸ್ ಜಾರತ್ತೆ ಸಾರ್," ಎಂದ ಕಾವಲುಗಾರ.

"ಜಾರಿ ಎಲ್ಲಿ ನಿಲ್ಬೇಕು ಅಂತ ಅದಕ್ಕೆ ನೀನು ಹೇಳ್ತೀಯೇನಯ್ಯಾ?" ಎಂದು ರೇಗಿದೆ.

ಅಣ್ಣ ಕುತ್ತಿಗೆ ವಾಲಿಸಿಕೊಂಡು ಬಹಳ ಹೊತ್ತು ನೋಡಿದ. "ಹ್ಯಾರಿಯೆಟ್, ಸರಿಯಾದ ಜಾಗ ನೀನಾದ್ರೂ ತೋರ್ಸಮ್ಮ. ಅವಳ ಮುಖ ನಂಗೆ ನೆನಪಿಲ್ಲ. ಇಷ್ಟು ವರ್ಷ ಇದನ್ನ ನೋಡ್ಕೊಂಡೇ ನೆನಪಿಟ್ಕೊಂಡಿದ್ದೆ."

ತೋರಿಸಲೆಂದು ಬೆರಳೆತ್ತಿದೆ. ಎತ್ತಿದ ಬೆರಳು ಹಾಗೇ ನಿಂತಿತು. ಇಷ್ಟು ವರ್ಷ ನಾನೂ ನೋಡಿದ್ದು ಇದನ್ನೇ.