ಗರ್ಭಗುಡಿಯ ಹೊರಗೆ ನಿಂತ ಸುಬೇದಾರರು

ಶೌರ್ಯದಿಂದ ಸೇನೆಗೆ ಕೀರ್ತಿ ತಂದವರು ನಮ್ಮ ಜಿಲ್ಲೆಯಲ್ಲಿ ಹಲವರಿದ್ದಾರೆ. ಒಬ್ಬೊಬ್ಬ ಯೋಧನ ಮನಸ್ಸಾಕ್ಷಿಯನ್ನೂ ಗೌರವಿಸಿ ತುಕಡಿಯನ್ನು ಒಂದಾಗಿ ಉಳಿಸಿದವರೆಂದರೆ ಮೊದಲು ನೆನಪಾಗುವವರು, ಈಗಷ್ಟೇ ನಿವೃತ್ತರಾಗಿ ಶಿವಮೊಗ್ಗದ ರವೀಂದ್ರನಗರದಲ್ಲಿ ನೆಲೆಸಿರುವ ಸುಬೇದಾರ್ ಕಾಂತರಾಜ್ ಅವರು.

ಭದ್ರಾವತಿಯ ಕಾರ್ಖಾನೆ ಕಾರ್ಮಿಕ ಶೇಷಪ್ಪನವರ ಮಗನಾದ ಅವರು ಪೂಜೆಯಾಗದೆ ನೀರನ್ನೂ ಮುಟ್ಟದವರು. ಗಡಿಯಲ್ಲಿ ವಾರಕ್ಕೊಮ್ಮೆ ಇಡೀ ತುಕಡಿ ಪೂಜೆಗೆ ಸೇರುತ್ತಿದ್ದ ಮಂದಿರದ ಪರೇಡಿನಲ್ಲಿ ಮುಂದೆ ನಿಂತು ಆರತಿ ಪಡೆಯುವುದು ಅವರಿಗೆ ಕರ್ತವ್ಯವೂ ಹೌದು, ಸಂತೋಷವೂ ಹೌದು. ಅವರ ತುಕಡಿಗೆ ಭದ್ರಾವತಿಯವನೇ ಆದ ಸ್ಯಾಮ್ಸನ್ ಎಂಬ ಕ್ರೈಸ್ತ ಯೋಧ ಬಂದ. ಬೂಟು ಕಳಚಿ ಅಂಗಳದಲ್ಲಿ ಎಲ್ಲರೊಡನೆ ನಿಲ್ಲುತ್ತಿದ್ದ. ಆರತಿ ಪಡೆಯಲು ಗರ್ಭಗುಡಿಯ ಬಾಗಿಲಿಗೆ ಮಾತ್ರ ಹೋಗುತ್ತಿರಲಿಲ್ಲ.

"ದೇವರ ಮುಂದೆ ಜೊತೆಗೆ ನಿಲ್ಲದವನು ಗುಂಡಿನ ಮುಂದೆ ನಿಲ್ತಾನಾ ಸಾಬ್?" ಎಂದು ಶಿವಪ್ರಸಾದ್ ಎಂಬ ಯೋಧ ಕಾಂತರಾಜರನ್ನು ಕೇಳಿಯೇಬಿಟ್ಟ. ಮೇಲಧಿಕಾರಿಗಳು ಶಿಸ್ತುಕ್ರಮದ ಮಾತೆತ್ತಿದರು.

ಕಾಂತರಾಜರು ಸ್ಯಾಮ್ಸನ್‌ನನ್ನು ಕರೆದರು. "ನಮ್ಮ ದೇವರ ಮೇಲೆ ಏನಾದ್ರೂ ಬೇಜಾರಾ?"

"ಇಲ್ಲ ಸಾಬ್. ನಿಮ್ ಜೊತೆ ಎಲ್ಲಿಗೆ ಬೇಕಾದ್ರೂ ಬರ್ತೀನಿ. ಆರತಿ ತಗೊಂಡ್ರೆ ಸುಳ್ಳು ಹೇಳಿದಂಗಾಗುತ್ತೆ."

ಆ ಮಾತು ಅವರನ್ನು ನೋಯಿಸಿತು. ಆದರೆ ಅದರಲ್ಲಿ ಕಪಟವಿರಲಿಲ್ಲ. "ಪರೇಡಿಗೆ ಬರಲೇಬೇಕು, ಕೊನೇ ತನಕ ನಿಲ್ಲಲೇಬೇಕು. ಅದು ಆರ್ಡರ್. ಕೈ ಮುಗಿ ಅಂತ ಆರ್ಡರ್ ಕೊಡಲ್ಲ," ಎಂದರು. ಮೇಲಧಿಕಾರಿಗಳಿಗೂ ಅದನ್ನೇ ತಿಳಿಸಿ, ತುಕಡಿಯಲ್ಲಿ ಒಡಕು ಬಂದರೆ ಹೊಣೆ ತಮ್ಮದೆಂದರು. ಮುಂದಿನ ವಾರ, ಒಬ್ಬನೇ ಹೊರಗೆ ನಿಂತರೆ ಶಿಕ್ಷೆಯಂತೆ ಕಾಣುತ್ತದೆಂದು ತಾವೂ ಅಂಗಳದಲ್ಲಿ ಅವನ ಪಕ್ಕ ನಿಂತರು. ಕಣ್ಣು ಮಾತ್ರ ಒಳಗಿನ ದೀಪದ ಮೇಲಿತ್ತು. ಆ ವರ್ಷದ ಬಡ್ತಿ ಬೇರೊಬ್ಬರಿಗೆ ಹೋಯಿತು. ಕಾರಣವನ್ನು ಅವರು ಕೇಳಲಿಲ್ಲ.

ಚಳಿಗಾಲದಲ್ಲಿ ಶಿವಪ್ರಸಾದನ ತಂದೆ ತೀರಿಕೊಂಡರು. ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ಊರಿಗೆ ಹೋಗಲಾಗದೆ, ಅವನು ಅಲ್ಲೇ ಕರ್ಮಕ್ಕೆ ಕುಳಿತ. ಅವನ ಪಹರೆಯನ್ನು ಕೇಳಿ ಪಡೆದವನು ಸ್ಯಾಮ್ಸನ್. ಕರ್ಮ ಮುಗಿಸಿದ ಶಿವಪ್ರಸಾದ್ ಬಿಸಿ ಚಹಾ ಹಿಡಿದು ಗುಡ್ಡದ ಮೇಲಿನ ಕಾವಲು ಠಾಣೆಗೆ ಹತ್ತಿ, "ಸಾಕು ಕಣೋ, ಕೆಳಗಿಳಿ. ಇನ್ನು ನಾನ್ ನಿಲ್ತೀನಿ," ಎಂದ. ಅಂದಿನಿಂದ ಅಂಗಳದಲ್ಲಿ ನಿಲ್ಲುವವನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಆದರೂ ಕಾಂತರಾಜರು ತಮ್ಮ ಜಾಗ ಬದಲಿಸಲಿಲ್ಲ.

ನಿವೃತ್ತರಾಗಿ ಬಂದ ಮರುದಿನ ಅವರು ಪತ್ನಿ ವಿಮಲಾ ಅವರೊಡನೆ ಕೋಟೆಯ ದೇವಸ್ಥಾನಕ್ಕೆ ಹೋದರು. ಆರತಿ ಮುಗಿದರೂ ಕದಲಲಿಲ್ಲ.

"ಬನ್ನಿ, ಪೂಜಾರ್ರು ಬಾಗಿಲು ಹಾಕ್ತಾರೆ."

"ಇವತ್ತು ನಾನು ಯಾರ ಸುಬೇದಾರನೂ ಅಲ್ಲ ಮಾರಾಯ್ತಿ. ಇನ್ನೊಂಚೂರು ನಿಲ್ತೀನಿ."

ಸೇನೆ ಸೇರಬಯಸುವವರಿಗೆ ನವುಲೆಯಲ್ಲಿ ಅವರು ಆರಂಭಿಸಿರುವ ತರಬೇತಿ ಬೆಳೆಯಲಿ. ಆಯುರಾರೋಗ್ಯಗಳು ಅವರಿಗೆ ಒದಗಲಿ. ಮನಸ್ಸು ತುಂಬುವಷ್ಟು ಹೊತ್ತು ಅವರು ದೇವರ ಮುಂದೆ ನಿಲ್ಲುವಂತಾಗಲಿ.