ಪ್ರೆಸ್ಸಿನಲ್ಲಿ ಜಾರಿದ ಹೆಸರುಗಳು

ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದ ಆಕೆ ಈಗ ಮನೆಯ ಮುಂಗೋಣೆಯಲ್ಲಿ ಅರ್ಜಿ, ಕರಾರುಪತ್ರ, ಕಾಲೇಜಿನವರ ಪ್ರಬಂಧಗಳನ್ನು ಟೈಪ್ ಮಾಡಿಕೊಡುತ್ತಾರೆ. ಕೆಲಸ ಮುಗಿದು ಗಿರಾಕಿ ಪೆನ್‌ಡ್ರೈವ್ ಚಾಚಿದರೆ, ಅದನ್ನು ಸಿಕ್ಕಿಸುವ ಮೊದಲು ಕೇಳುತ್ತಾರೆ: "ಇದನ್ನ ಯಾವ ಕಂಪ್ಯೂಟರಲ್ಲಿ ತೆಗೀತೀರಿ? ಹಳೇದೋ, ಹೊಸದೋ? ಯಾರದು?"

"ಏನಕ್ಕಾ, ಹೆಣ್ಣು ಕೊಡೋರ ಹಾಗೆ ವಿಚಾರಿಸ್ತಿದ್ದೀರಲ್ಲ!" ಎಂದು ಮೊನ್ನೆ ಒಬ್ಬ ನಕ್ಕ. ಆಕೆ ನಗಲಿಲ್ಲ. ಫೈಲನ್ನು ಪಿಡಿಎಫ್ ಮಾಡಿ, ಮೂಲವನ್ನೂ ಜೊತೆಗಿಟ್ಟು ಕೊಟ್ಟರು.

ಈ ಎಚ್ಚರ ಬಂದದ್ದು ತಡವಾಗಿ. ಅದಕ್ಕೆ ಬೆಲೆ ತೆತ್ತವರು ಅವರ ಮಾವ.

ಮಾವ ಗಡಿಯಾರ ರಿಪೇರಿಯವರು. ಮಾರುಕಟ್ಟೆಯ ಮೆಟ್ಟಿಲಡಿ, ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿ. ಊರಿನ ರಿಪೇರಿಯವರಲ್ಲಿ ಅರ್ಧ ಜನ ಅಲ್ಲೇ ನಿಂತು ಕಲಿತವರು. ಎಲ್ಲರಿಗೂ ಅವರು 'ಮೇಷ್ಟ್ರು'. ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದರು. ತಮ್ಮಿಂದ ಸರಿಯಾಗದ ಗಡಿಯಾರ ಬಂದರೆ ಶಿಷ್ಯರು ಅದನ್ನು ಹಿಡಿದು ಮನೆಗೇ ಬರುತ್ತಿದ್ದರು. ಮಾವ ಕಿವಿಗಿಟ್ಟು ಕೇಳಿ, ದೋಷ ಎಲ್ಲಿದೆಯೆಂದು ಹೇಳುತ್ತಿದ್ದರು. ಆ ಭೇಟಿಗಳಿಗಾಗಿಯೇ ಬೆಳಗ್ಗೆ ಗಡ್ಡ ಬೋಳಿಸಿಕೊಂಡು ಕೂರುತ್ತಿದ್ದರು.

ತಿಳಿದದ್ದನ್ನು ಪುಸ್ತಕ ಮಾಡಬೇಕೆಂಬ ಆಸೆ ಹುಟ್ಟಿದ್ದು ಆಗಲೇ. ಒಂದೊಂದು ಭಾಗದ ಚಿತ್ರವನ್ನು ಕೈ ಗಟ್ಟಿಯಿದ್ದಾಗಲೇ ಬರೆದಿಟ್ಟಿದ್ದರು. ಈಗ ಅದರ ಹೆಸರು, ಅದರ ಕೆಲಸ, ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಅವರು ಹೇಳುವುದು, ಸೊಸೆ ಕಚೇರಿಯಿಂದ ಬಂದು ಟೈಪ್ ಮಾಡುವುದು.

"ನಿಧಾನ ಹೇಳಿ ಮಾವ. ಕೀಲಿ ಕೊಟ್ಟ ಹಾಗೆ ಓಡ್ತೀರಿ."

"ಒಂದ್ಸಲ ನಿಂತ್ರೆ ಮತ್ತೆ ಓಡಲ್ಲಮ್ಮ ಈ ಗಡಿಯಾರ. ಹೊಡಿ, ಹೊಡಿ."

ಆಕೆ ಕೆಲಸ ಕಲಿತದ್ದು ಟೈಪ್‌ರೈಟರಿನ ಮೇಲೆ. ಕಂಪ್ಯೂಟರ್ ಬಂದರೂ ಬೆರಳಿನ ರೂಢಿ ಹೋಗಿರಲಿಲ್ಲ. ಪುಟದ ಎಡಕ್ಕೆ ಚಿತ್ರಗಳನ್ನು ಒಂದರ ಕೆಳಗೊಂದು ಕೂರಿಸಿದರು. ಬಲಕ್ಕೆ ಅದರದರ ಹೆಸರು, ವಿವರ. ಹೆಸರು ಚಿತ್ರದ ಎದುರಿಗೆ ಬರುವವರೆಗೆ ಎಂಟರ್ ಒತ್ತುತ್ತ ಹೋಗುವುದು, ಸ್ಪೇಸ್‌ಬಾರ್ ಕುಟ್ಟಿ ಪಕ್ಕಕ್ಕೆ ಸರಿಸುವುದು. ಕೋಷ್ಟಕ ಹಾಕುವ ಸೌಲಭ್ಯ ಇತ್ತು. ಅದರ ಗೊಡವೆಗೆ ಹೋಗಲಿಲ್ಲ. ಅವರ ಪರದೆಯ ಮೇಲೆ ಪ್ರತಿ ಪುಟವೂ ನೂಲು ಹಿಡಿದ ಹಾಗಿತ್ತು.

ಫೈಲು ಪ್ರೆಸ್ಸಿಗೆ ಹೋಯಿತು. ಅಲ್ಲಿ ಹೊಸ ಕಂಪ್ಯೂಟರ್, ತಂತ್ರಾಂಶವೂ ಮುಂದಿನ ಆವೃತ್ತಿಯದು. ಆಕೆ ಬಳಸಿದ ಫಾಂಟ್ ಅದರಲ್ಲಿರಲಿಲ್ಲ. ಅದು ತನ್ನಲ್ಲಿದ್ದ ಬೇರೊಂದನ್ನು ತಾನಾಗಿ ಹಾಕಿಕೊಂಡಿತು. ಆ ಅಕ್ಷರ ತುಸು ಅಗಲ. ಒಂದು ಸಾಲಿನಲ್ಲಿ ಹಿಡಿದದ್ದು ಎರಡಾಯಿತು. ಚಿತ್ರಗಳು ಪುಟಕ್ಕೆ ಅಂಟಿಕೊಂಡು ನಿಂತಲ್ಲೇ ನಿಂತವು, ಹೆಸರುಗಳು ಮಾತ್ರ ಕೆಳಗೆ ಜಾರುತ್ತ ಹೋದವು. ಪುಟದ ಅರ್ಧ ದಾಟುವಷ್ಟರಲ್ಲಿ ಒಂದರ ಹೆಸರು ಇನ್ನೊಂದರ ಎದುರಿಗಿತ್ತು.

ಪ್ರೆಸ್ಸಿನವನಿಗೆ ಅನುಮಾನ ಬಂದು ಫೋನ್ ಮಾಡಿದ್ದ. "ಅಕ್ಕಾ, ಪುಟ ಯಾಕೋ ಬೇರೆ ಥರ ಕಾಣ್ತಿದೆ. ಒಂದ್ಸಲ ಬಂದು ನೋಡಿ ಹೋಗಿ."

ಹಿಂದೊಮ್ಮೆ ಕಚೇರಿಯ ವರದಿಯೊಂದನ್ನು ಇಂಥದೇ ಪ್ರೆಸ್ಸಿನವರು ತಮಗೆ ತಿಳಿದಂತೆ ತಿದ್ದಿ ಕೆಡಿಸಿದ್ದು ಆಕೆಗೆ ನೆನಪಿತ್ತು. "ನಾನು ಜೀವಮಾನ ಪೂರ್ತಿ ಟೈಪ್ ಮಾಡಿದೋಳಪ್ಪ. ಒಂದಕ್ಷರ ಮುಟ್ಟಬೇಡ. ಹಾಗೇ ಪ್ರಿಂಟ್ ಹಾಕು" ಅಂದರು. ಅವನು ಹಾಗೇ ಹಾಕಿದ.

ಪುಸ್ತಕದ ಕಟ್ಟು ಮನೆಗೆ ಬಂದ ದಿನ ಮಾವ ಒಂದು ಪ್ರತಿ ತೆರೆದು ಬಹಳ ಹೊತ್ತು ನೋಡಿದರು. ಮುಳ್ಳಿನ ಚಿತ್ರದೆದುರು ಸ್ಪ್ರಿಂಗ್ ಎಂದಿತ್ತು. ಸೊಸೆಯ ಮುಖ ನೋಡಿ, ಪುಸ್ತಕ ಮುಚ್ಚಿ, "ರಟ್ಟು ಚೆನ್ನಾಗಿದೆ" ಅಂದರು.

ಆದರೆ ಅಷ್ಟರಲ್ಲಿ ಊರಿನ ಗಡಿಯಾರ ರಿಪೇರಿಯವರ ಸಂಘದವರು ಪ್ರೆಸ್ಸಿನಿಂದಲೇ ತಮ್ಮ ಪ್ರತಿಗಳನ್ನು ಒಯ್ದು ಹಂಚಿಬಿಟ್ಟಿದ್ದರು. ಆ ವಾರದ ಸಭೆಗೆ ಸೊಸೆ ಮಾವನನ್ನು ಕರೆದುಕೊಂಡು ಹೋದರು. ಬಾಗಿಲ ಬಳಿ ಚಪ್ಪಲಿ ಬಿಡುವಾಗ ಒಳಗಿನ ಮಾತು ಇಬ್ಬರಿಗೂ ಕೇಳಿಸಿತು. ಮಾತಾಡುತ್ತಿದ್ದವನು ಚೌಕದ ಅಂಗಡಿಯವ, ಮಾವನ ಮೊದಲ ಶಿಷ್ಯ.

"ಮೇಷ್ಟ್ರಿಗೆ ಅರುಳುಮರುಳು ಕಣ್ರೋ. ಕೀಲಿ ಯಾವುದು, ಚಕ್ರ ಯಾವುದು ಅಂತಾನೇ ಗೊತ್ತಾಗ್ತಿಲ್ಲ. ಪಾಪ, ಯಾರೂ ಅವರ ಮುಂದೆ ಆಡಬೇಡಿ."

ಒಳಗೆ ಹೋದ ಮೇಲೆ ಎಲ್ಲರೂ ಎದ್ದು ನಿಂತರು, ಹಾರ ಹಾಕಿದರು, ಸಹಿ ಕೇಳಿದರು. ತಪ್ಪು ಹೇಗಾಯಿತೆಂದು ಮಾವ ಹೇಳಲಿಲ್ಲ. ಹೇಳಬೇಕಾದವರು ಸೊಸೆ. ನಾಲಿಗೆ ತುದಿಗೆ ಬಂದಿತ್ತು, ಎಂದು ಆಕೆ ಈಗ ಹೇಳುತ್ತಾರೆ. ಆದರೆ ಅಷ್ಟು ಜನರ ಮುಂದೆ ತನ್ನ ಕೆಲಸ ಕೆಟ್ಟದ್ದನ್ನು ಒಪ್ಪಿಕೊಳ್ಳಲು ಆಗಲಿಲ್ಲ. ನಾಳೆ ಒಬ್ಬೊಬ್ಬರಿಗೇ ಹೇಳಿದರಾಯಿತು ಅಂದುಕೊಂಡರು. ಆ ನಾಳೆ ಬರಲಿಲ್ಲ.

ಅದಾದ ಮೇಲೆ ಗಡಿಯಾರ ಹಿಡಿದು ಯಾರೂ ಮನೆಗೆ ಬರಲಿಲ್ಲ. ಮಾವ ಕೆಲವು ತಿಂಗಳು ಗಡ್ಡ ಬೋಳಿಸಿಕೊಂಡು ಕೂತರು. ಆಮೇಲೆ ಅದನ್ನೂ ಬಿಟ್ಟರು. ಒಂದು ದಿನ ಸೊಸೆಯೇ ಮಾತು ತೆಗೆದರು.

"ಮಾವ, ಚೌಕದವರ ಹತ್ರ ಹೋಗಿ ನಾನೇ ಹೇಳ್ತೀನಿ."

"ಏನಂತ? ಸೊಸೆ ತಪ್ಪು, ಮಾವ ಸರಿ ಅಂತಲಾ? ಬಿಡಮ್ಮ, ನಗ್ತಾರೆ."

ಆಕೆ ಬಿಟ್ಟರು. ಬಿಡುವುದು ಸುಲಭವಾಗಿತ್ತು.

ಮಾವ ತೀರಿಕೊಂಡ ಮೇಲೆ ಆಕೆ ಕೋಷ್ಟಕ ಹಾಕುವುದನ್ನು ಕಲಿತು ಇಡೀ ಪುಸ್ತಕವನ್ನು ಮತ್ತೆ ಕೂರಿಸಿದರು. ಮನೆಯಲ್ಲಿ ತೆರೆದರು, ಪಕ್ಕದ ಮನೆಯಲ್ಲಿ ತೆರೆದರು, ಪ್ರೆಸ್ಸಿಗೆ ಹೋಗಿ ಅವನ ಪರದೆಯ ಮೇಲೂ ಪುಟಪುಟ ನೋಡಿದರು. ಎಲ್ಲೂ ಏನೂ ಕದಲಲಿಲ್ಲ. ಮೊದಲ ಪ್ರತಿ ಹಿಡಿದು ಚೌಕದ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು.

ಅವನು ಕಣ್ಣಿನ ಭೂತಗನ್ನಡಿ ತೆಗೆದು ಕೆಳಗಿಟ್ಟ.

"ಈಗ ಹೇಳ್ತೀರಾ ಅಕ್ಕಾ? ಕೇಳಿದ್ರೆ ಉತ್ತರ ತೋಚದೆ ನೊಂದ್ಕೋತಾರೆ ಅಂತ ನಾನು ಅವರ ಮನೆ ಮೆಟ್ಟಿಲು ಹತ್ತೋದೇ ಬಿಟ್ಟೆ. ಬೇರೆಯವರಿಗೂ ಹೋಗಬೇಡಿ ಅಂದೆ."

ಪುಸ್ತಕವನ್ನು ಅವನು ಬೇಡ ಅನ್ನಲಿಲ್ಲ. ಗಾಜಿನ ಕಪಾಟಿನಿಂದ ಹಳೆಯ ಪ್ರತಿ ತೆಗೆದ. ಮೊದಲ ಪುಟದಲ್ಲಿ ಮಾವನ ನಡುಗುವ ಸಹಿ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಹೊಸದನ್ನು ಕೆಲಸದ ಮೇಜಿನ ಮೇಲಿಟ್ಟ, ಹಳೆಯದನ್ನು ಮತ್ತೆ ಕಪಾಟಿಗೆ.

"ಆ ಹಳೇದು ತಪ್ಪಿನದು, ಬಿಸಾಕಿಬಿಡಿ" ಅಂದರು ಆಕೆ.

"ಸಹಿ ಅದರಲ್ಲೇ ಇದೆಯಲ್ಲಕ್ಕ" ಅಂದ ಅವನು.