ಖಡಕ್ ರೊಟ್ಟಿ, ಹುಳಿ ರಸ

ನಮ್ಮ ಕಡೆ ಖಡಕ್ ಅಂದರೆ ರೊಟ್ಟಿ. ಮುರಿದರೆ ಟಪ್ಪೆನ್ನಬೇಕು, ತಿಂಗಳಿಟ್ಟರೂ ಕೆಡಬಾರದು. ಕುಡಿಯುವ ವಸ್ತುವೂ ಖಡಕ್ ಇರುತ್ತದೆಂದು ಹೇಳಿಕೊಟ್ಟವರು ಪುಣೆಯಿಂದ ಬಂದಿದ್ದ ನನ್ನ ಯಜಮಾನರ ಗೆಳೆಯರು. ಬಿಳಿ ವೈನಿನ ಬಾಟಲಿ ಕೈಗಿಟ್ಟು, ಇದು ಡ್ರೈ ಅಂದರು. ನೀರಿನಂಥದ್ದು ಒಣಗಿರುವುದು ಹೇಗೆಂದು ನಾನು ನಕ್ಕೆ. ಸಿಹಿ ಇಲ್ಲವೆಂದು ಅರ್ಥ, ನಿಮ್ಮ ರೊಟ್ಟಿಯ ಹಾಗೆ ಖಡಕ್ ಎಂದು ಬಿಡಿಸಿ ಹೇಳಿದರು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಶರಣಸಿರಸಗಿ ದಾರಿಯ ಹೊಸ ಬಡಾವಣೆಯಲ್ಲಿ ನಾವಿಬ್ಬರೇ ಇದ್ದೆವು. ಭಾನುವಾರ ಮಧ್ಯಾಹ್ನ, ಫ್ರಿಜ್ಜಿನಲ್ಲಿ ತಣ್ಣಗಾದ ವೈನನ್ನು ಸ್ಟೀಲ್ ಲೋಟಕ್ಕೆ ಹಾಕಿಕೊಂಡು ಊಟಕ್ಕೆ ಕೂತೆವು. ಪುಂಡಿಪಲ್ಯದ ಹುಳಿಗೂ ಅದರ ಹುಳಿಗೂ ಜಗಳವಾದೀತು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಶೇಂಗಾ ಹಿಂಡಿಯ ಖಾರವನ್ನು ಒಂದು ಗುಟುಕು ತೊಳೆದುಕೊಂಡು ಹೋಯಿತು, ಬಾಯಿ ಮತ್ತೊಂದು ತುಂಡು ರೊಟ್ಟಿ ಬೇಡಿತು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಸೇರಿತು. ಆಮೇಲೆ ಯಜಮಾನರು ತಿಂಗಳಿಗೊಂದು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಕಾಯಿಪಲ್ಯದ ಚೀಲದಲ್ಲಿ ಮೆಂತ್ಯದ ಸಿವುಡಿನ ಕೆಳಗಿಟ್ಟು ತರತೊಡಗಿದರು. ಶಾಲೆಯಲ್ಲಿ ಮಕ್ಕಳಿಗೆ ಸತ್ಯವನ್ನೇ ನುಡಿ ಎಂದು ಶುದ್ಧಬರಹ ಬರೆಸುವ ಟೀಚರಮ್ಮ ನಾನು.

ಅಂಥ ಒಂದು ಭಾನುವಾರ ಕಮಲಾಪುರದಿಂದ ಅವ್ವ ಬಂದಳು. ಹೇಳದೆ ಕೇಳದೆ, ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು. ಬಾಗಿಲು ತೆರೆದೇ ಇತ್ತು, ಲೋಟಗಳು ಮುಂದೆಯೇ ಇದ್ದವು. ಕೈಕಾಲು ತೊಳೆದು ಬಂದು ಕೂತವಳು ಏನು ಕುಡಿಯುತ್ತಿದ್ದೀರಿ ಎಂದು ಕೇಳಿದಳು.

"ದ್ರಾಕ್ಷಿ ಹಣ್ಣಿನ ರಸ ಅವ್ವ," ಅಂದೆ.

"ಹಂಗಾದ್ರ ನನಗೂ ಒಂದೀಟ ಹಾಕು."

ಅವ್ವ ಕೊರಳಿನ ಲಿಂಗಕ್ಕೆ ತೋರಿಸದೆ ಒಂದು ಗುಟುಕು ನೀರನ್ನೂ ಕುಡಿದವಳಲ್ಲ. ಮದುವೆ ಮನೆಯಲ್ಲೂ ಅಡುಗೆ ಯಾರದೆಂದು ಕೇಳಿಯೇ ಉಣ್ಣುವವಳು. ನನ್ನ ಮನೆಯಲ್ಲಿ ಮಾತ್ರ ನನ್ನ ಮಾತಿನ ಮೇಲೆ ಮತ್ತೊಂದು ಪ್ರಶ್ನೆ ಕೇಳುತ್ತಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಿದ್ದರೂ ಇನ್ನೊಂದು ಲೋಟಕ್ಕೆ ಸುರಿದೆ. ಲೋಟ ಕೈಜಾರಿಸಬಹುದಿತ್ತು. ಬೇಡವ್ವ ಅನ್ನಬಹುದಿತ್ತು. ನನ್ನ ಮಾನ ಹೋಗುತ್ತದೆಂದು ಹೆದರಿ ಅವಳ ಮುಂದಿಟ್ಟೆ. ಅವಳು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಲೋಟವನ್ನು ಅದರೆದುರು ಹಿಡಿದು, ಕಣ್ಣು ಮುಚ್ಚಿದಳು. ಆಮೇಲೆ ಕುಡಿದಳು. ಯಜಮಾನರು ಗಂಗಾಳದಿಂದ ತಲೆ ಎತ್ತಲಿಲ್ಲ.

ಹುಳಿ ಅದ, ಆದರೂ ಬಾಯಿ ಹಸನಾಯಿತು ಎಂದು ರೊಟ್ಟಿ ಮುರಿದಳು. ಕಮಲಾಪುರಕ್ಕೆ ಹೋಗಿ ಓಣಿಯವರಿಗೆಲ್ಲ ಮಗಳ ಮನೆಯ ದ್ರಾಕ್ಷಿ ರಸವನ್ನು ಹೊಗಳಿದಳಂತೆ. ನಾವು ಮತ್ತೆ ಬಾಟಲಿ ತರಲಿಲ್ಲ. ಹಾಗೆ ಬಿಟ್ಟದ್ದನ್ನೇ ಪ್ರಾಯಶ್ಚಿತ್ತವೆಂದು ನಂಬಿಕೊಂಡಿದ್ದೆ, ನಾಚಿಕೆಗೇಡು.

ಮರುವರ್ಷ ಅವ್ವನಿಗೆ ಜ್ವರ ಬಂದು ಬಾಯಿರುಚಿ ಕೆಟ್ಟಿತು. ಏನು ಕೊಟ್ಟರೂ ಸೇರದು. ಮಗಳು ಕುಡಿಸಿದ ಆ ಹುಳಿ ರಸ ತರಲಿ ಎಂದು ಹೇಳಿಕಳಿಸಿದಳು. ನಿಜ ಹೇಳಿಬಿಡಬೇಕೆಂದು ಬಸ್ಸು ಹತ್ತುವ ಮೊದಲು ನೂರು ಸಲ ಅಂದುಕೊಂಡೆ. ಕೊನೆಗೆ ಅಂಗಡಿಯಿಂದ ಖರೇ ದ್ರಾಕ್ಷಿ ರಸವನ್ನೇ ಕೊಂಡುಹೋದೆ.

ಅವ್ವ ಎದ್ದು ಕೂತು ಲಿಂಗಕ್ಕೆ ತೋರಿಸಿದಳು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ನನ್ನ ಮುಖ ಬಾಡಿದ್ದು ಕಂಡು ಬೆನ್ನು ಸವರಿದಳು.

"ಇದು ಅದಲ್ಲವ್ವ. ಅಂಗಡಿಯಾವ ನಿನಗ ಮೋಸ ಮಾಡ್ಯಾನ. ನಂಬಿದವರಿಗೆ ಹಿಂಗ ಮಾಡಬಾರದು ನೋಡು."

ಹೂಂ ಅವ್ವ, ಮಾಡಬಾರದು ಅಂದೆ.